ಕೊಳಾರದಾಗಿನ ಉರಿ

ಮೇತ್ರೆ ಮೇಡಂ ನಕ್ಷಾ ತಂದು ಲೇಥಿನ ಮ್ಯಾಲ ಹಾಸಿದ್ರು.
ಎಂಟು ರೆಕ್ಕಿ, ನಡುವ ಕಿರುಬಟ್ಟು ತೂರುವಷ್ಟು ತೂತು.
‘ನಲವತ್ತೈದು ಡಿಗ್ರಿ, ಲಾಡ್ಲೇಸಾಬ,
ಕೂದಲೆಳಿಯಷ್ಟೂ ಹೆಚ್ಚುಕಮ್ಮಿ ಬ್ಯಾಡ.’
ಕೂದಲೆಳಿ ಅಳಿಯೋ ಗೇಜು ನನ್ನ ಹತ್ರ ಇದ್ದಿದ್ರ
ಈ ಕೊಳಾರದ ತಗಡಿನ ಶೆಡ್ಡಿನಾಗ ಯಾಕ ಕೂಡ್ತಿದ್ದೆ?

ಅಮೋನಿಯಾ ಸುಡತಾರಂತ.
ಹಸಿ ಯೂರಿಯಾ ಚೀಲ ಬಿಚ್ಚಿದ್ರ ಮೂಗಿಗಿ ಬಡಿತದಲ್ಲ, ಅದು.
ಇದ್ದಿಲಿನ ಅಂಶ ಒಂದು ಚೂರೂ ಇಲ್ಲ, ಮಸಿ ಎಲ್ಲಿಂದ ಬರಬೇಕು?
ನಮ್ಮ ಕಾಕಾ ಬಿದ್ರಿ ಹೂಜಿಗಿ
ಕೋಟಿ ಮಣ್ಣಿನಾಗ ನವಸಾಗರ ಕಲಸಿ ತಿಕ್ಕತಿದ್ದ,
ಹೂಜಿ ಕರ್ರಗಾಗಿ ಬೆಳ್ಳಿ ಹಂಗೇ ಉಳಿತಿತ್ತು.
ಅದೂ ಇದರ ಬಳಗಾನ ಅಂದ್ರು ಮೇಡಂ.
ಕಾಕಾನ ಉಗುರು ಸಾಯೋತನಕ ಕಪ್ಪಿದ್ದವು.

ಆದ್ರ ಇದು ಆಳಸಿ ಬೆಂಕಿ.
ಗಾಳಿ ಜೋರಾದ್ರ ಬರ್ನರಿನ ಬಾಯಿ ಬಿಟ್ಟು ಹಾರ್ತದ,
ಕಮ್ಮಿಯಾದ್ರ ಅಲ್ಲೇ ಕೆಮ್ಮಿ ಸಾಯ್ತದ.
ಅದಕ್ಕ ರೆಕ್ಕಿ:
ಕಾರಂಜಾಕ್ಕ ನೀರು ಬಂದಾಗ ಸೇತುವಿ ಕಂಬದ ಹಿಂದ
ಕಸ ಮುಂದ ಹೋಗದೆ ಹೊಳ್ಳಿ ಹೊಳ್ಳಿ ಬರ್ತದಲ್ಲ,
ಹಂಗ ಕಾದ ಗಾಳಿ ಹೊಳ್ಳಿ ಬಂದು
ಹೊಸ ಗಾಳಿಗಿ ಕಿಚ್ಚು ಕೊಡಬೇಕು.

ಮೊದಲನೇದು ಮೂರು ಸೆಕೆಂಡು.
ಎರಡನೇದು ಹತ್ತಲೇ ಇಲ್ಲ, ಕಣ್ಣಾಗ ನೀರು ತರಿಸಿ
ನಮ್ಮನ್ನೆಲ್ಲ ಬೇವಿನ ಗಿಡದ ಬುಡಕ್ಕ ಓಡಿಸ್ತು.
ಮೂರನೇದಕ್ಕ ನನ್ನ ಟೂಲಿನ ಮೂತಿ ಸವೆದಿತ್ತು.
ನಲವತ್ತೊಂದು.
ಗೊತ್ತಿತ್ತು. ಹೇಳಲಿಲ್ಲ.
ಉರಿ ಬುಸ್ಸಂತ ಹೋದ ಮ್ಯಾಲ ಅವರು ರಾತ್ರಿ ಹನ್ನೊಂದರ ತನಕ
ತಮ್ಮ ಲೆಕ್ಕದಾಗ ತಪ್ಪು ಹುಡುಕಿದ್ರು.
ಮುಂಜಾನೆ ಹೋಗಿ ಹೇಳಿದೆ.
ಬೈಲಿಲ್ಲ. ವಹಿಯಾಗ ಬರಕೊಂಡ್ರು:
‘ನಲವತ್ತೊಂದು. ನಿಲ್ಲಲಿಲ್ಲ.’

ನಾಕನೇದಕ್ಕ ಚೂರು ಹೈಡ್ರೋಜನ್ ಕೂಡಿಸಿದ್ರು,
ಹಸಿ ತೊಗರಿ ಕಟಗಿಗಿ ಸೀಮೆಎಣ್ಣಿ ಹನಿಸಿದಂಗ.
ಹತ್ತಿತು.
ಕೆಂಪಲ್ಲ, ನೀಲಿ ಅಲ್ಲ, ಬಾಡಿದ ಚೆಂಡುಹೂವಿನ ಬಣ್ಣ.
ಗಾಳಿ ಏರಿಸಿದ್ರು. ನಿಂತಿತು.
ಇನ್ನೂ ಏರಿಸಿದ್ರು. ಜರಾ ನಡುಗಿ, ನಿಂತಿತು.
ಹನ್ನೊಂದು ನಿಮಿಷ, ಚಹಾದ ಹುಡುಗ ಸುದ್ದಾ
ಬಾಗಲದಾಗ ಗ್ಲಾಸು ಹಿಡಕೊಂಡು ಹಂಗೇ ನಿಂತಿದ್ದ.

ಆಮ್ಯಾಲ ಮೀಟರು ನೋಡಿ ಮೇಡಂ ಸುಮ್ಮನಾದ್ರು.
ಕಣ್ಣಿಗಿ ಕಾಣದ ಇನ್ನೊಂದು ವಿಷ ಅದಂತ, ನಾಕ್ಸ್ ಅಂತಾರ,
ಇರಬೇಕಾದ್ದಕ್ಕಿಂತ ಆರು ಪಟ್ಟು.
‘ಮೊದಲು ಅರೆಹೊಟ್ಟಿ ಗಾಳಿ ಕೊಟ್ಟು ಸುಡಬೇಕು, ಲಾಡ್ಲೇಸಾಬ.
ಉಳಿದದ್ದು ಮುಂದ, ತಡ ಮಾಡಿ.’
ಕೊಳವಿಯ ಸುತ್ತ ಪೆನ್ಸಿಲಿನಿಂದ ಹನ್ನೆರಡು ಚುಕ್ಕಿ ಇಟ್ಟರು.

ಮನಿಗಿ ಹೋದ್ರ ಹುಸೇನಬಿ ಅಂಗಿ ಮೂಸಿ
‘ಯಾವ ಕುದುರಿ ಲಾಯದಾಗಿದ್ರಿ?’ ಅಂದಳು.
ದೀಪದ ಬೆಳಕಿನಾಗ ನನ್ನ ಉಗುರು ನೋಡಿಕೊಂಡೆ:
ಗ್ರೀಸು, ಕಬ್ಬಿಣದ ಪುಡಿ.
ಹನ್ನೆರಡು ತೂತು.
ಮೂರು ಎಂ.ಎಂ. ಡ್ರಿಲ್ಲು ಉಸ್ಮಾನಗಂಜಿನಾಗ ಸಿಗಬಹುದು,
ನಾಳಿ ಅಂಗಡಿ ತೆರೆದಿದ್ರ.