ನಾಲಿಗಿ ಹೊಳ್ಳೂ ಜಾಗ

ತೊಟ್ಟಿಲಾಗ ಹಾಕೂ ದಿನ ಇನ್ನೂ ಮೂರ ದಿನ ಇತ್ತು,
ತಾಳಿಕೋಟಿ ತುಂಬ ಸುದ್ದಿ ಹಬ್ಬಿತ್ತು:
ದಾನೇಶ್ವರಿ ತನ್ನ ಮಗಳಿಗೆ
ಹೊಳಿ ಹೆಸರ ಇಡತಾಳಂತ.
ಗಂಗಾ ಇದ್ದೀತು ಅಂದರು. ತುಂಗಾ ಇದ್ದೀತು ಅಂದರು.
ಅಲ್ಲ. ಡೋಣಿ.

ನಮ್ಮವ್ವ ಬೋರವ್ವ ಎಲಿ ಉಗುಳಿ ಬಂದು ಕೇಳಿದಳು:
"ಉಪ್ಪುನೀರ ಹೊಳಿ ಬೇ ಅದು,
ದನಾ ಸೈತ ಮೂತಿ ತಿರವತಾವು.
ಬ್ಯಾಸಗಿಗೆ ಬರೇ ಕೆಸರು, ಮಳಿಗಾಲಕ್ಕ ಬ್ರಿಜ್ಜಿನ ಮ್ಯಾಲ,
ಬಸ್ಸು ಆಚೀಕಡೆ, ನಾವು ಈಚೀಕಡೆ.
ಅಂಥಾದ್ದರ ಹೆಸರು ಹೆಣ್ಣಕೂಸಿಗೆ?"

ದಾನೇಶ್ವರಿ ಕುಲಾಯಿ ಹೊಲಿಯೂದು ಬಿಡಲಿಲ್ಲ.
"ಅಂಗನವಾಡ್ಯಾಗ ಹಾಜರಿ ಕರಿಯೂಕಿ ನಾನು, ಅತ್ತಿ.
ಸಾನ್ವಿ ಪಾಟೀಲ, ಸಾನ್ವಿ ನಾಟೀಕಾರ,
ದೊಡ್ಡ ಸಾನ್ವಿ, ಮೂಗ ಸೋರೂ ಸಾನ್ವಿ.
ಒಂದ ಸಲ ಕರದರ ನಾಕು ಎದ್ದ ನಿಂದರತಾವು.
ನನ್ನ ಮಗಳು ಒಬ್ಬಾಕೀನ ಎದ್ದ ನಿಂದರಲಿ."

ಅಪ್ಪ ಕಟ್ಟಿ ಮ್ಯಾಲಿಂದ, ಯಾರಿಗೂ ಅಲ್ಲ ಅನ್ನೂಹಂಗ,
"ಡೋಣಿ ಬೆಳದರ ಓಣೆಲ್ಲಾ ಕಾಳು" ಅಂದ.
ಅಲ್ಲಿಗೆ ಜಗಳಾ ಮುಗೀತು.
ಖರೆ ಹೇಳಬೇಕಂದರ ನನಗೂ ಸೇರಿದ್ದಿಲ್ಲ ಆ ಹೆಸರು.
ಕೇಳಿದವರು ಯಾರು?

ಆದರ ಕಿವ್ಯಾಗ ಹೇಳೂದು ಸ್ವಾದರತ್ತಿ ಪಾಲು.
ಅಂದರ, ನಂದು.
ಬಗ್ಗಿ, ಕೂಸಿನ ಕಿವಿಗೆ ಬಾಯಿ ಹಚ್ಚಿ
ಕುರ್ರ್... ಅಂದೆ ಇಲ್ಲಾ,
ಓಣಿ ಹೆಂಗಸರು, ಹುಡುಗರು, ಎಲ್ಲಾರೂ ಕೂಡಿ
ಬೆನ್ನಿಗೆ ದಬದಬ ಗುದ್ದು.
ಅದರಾಗ ಒಂದು, ಟೇಲರ ಶಾಂತವ್ವಂದ ಇರಬೇಕು,
ಬಳಿ ಸಮೇತ ಬಿತ್ತು.
ಹೆಸರ ಹೇಳಿದೆ. ಕೂಸು ಕಣ್ಣ ಪಿಳುಕಿಸಿತು.
ತೊಟ್ಟಿಲಾ ತೂಗಿದರು, ಗುಗ್ಗರಿ ಹಂಚಿದರು.

ಆಮ್ಯಾಲ ಸುರುವಾತು.
ಪುರಸಭಾದ ಕಾರಕೂನ ಬರಕೊಂಡ: ದೋಣಿ.
"ನೀರಮ್ಯಾಲ ತೇಲೂದಲ್ಲರೀ, ನೀರು" ಅಂದೆ.
ತಿದ್ದಿದ. ಇಂಗ್ಲಿಷಿನ್ಯಾಗ ಮತ್ತ ಕೆಡಿಸಿದ:
ಅದರಾಗ ಡ-ಕ್ಕೂ ದ-ಕ್ಕೂ ಒಂದ ಅಕ್ಷರ,
ನ-ಕ್ಕೂ ಣ-ಕ್ಕೂ ಒಂದ,
ಒಂದ ಹಿಡಿಯಾಗ ಉಪ್ಪು ಸಕ್ಕರಿ ಹಿಡದಂಗ.
ಸೂಜಿ ಹಾಕೂ ನರ್ಸಬಾಯಿ, ದಕ್ಷಿಣದಾಕಿ, ನಕ್ಕೋಂತ ಕೇಳಿದಳು:
"ಅಪ್ಪನಿಗೆ ಕ್ರಿಕೆಟ್ ಹುಚ್ಚಾ?"

ಎಲ್ಲಾರಿಗೂ ತಿಳಿಸಿ ಹೇಳೂಕಿ ನಾನ:
ನಾಲಿಗಿ ಹಿಂದಕ್ಕ ಹೊಳ್ಳಿಸ್ರಿ,
ತುದಿ ಅಂಗುಳಕ್ಕ ಹತ್ತಬೇಕು, ಹತ್ತಿ ಜಾರಬೇಕು,
ಹೊಳಿ ಹೊಳ್ಳತೈತೆಲ್ಲಾ, ಹಂಗ.
ಹೊಳ್ಳಲಿಲ್ಲಂದರ ಅದು ಹೊಳೀನ ಅಲ್ಲ, ಕಾಲುವಿ.

ಹ್ವಾದ ತಿಂಗಳ ಮ್ಯಾಲಿನ ಓಣ್ಯಾಗ ಒಂದ ಕೂಸು ಹುಟ್ಟಿ
ಅವರೂ ಕೇಳಾಕ ಬಂದಿದ್ದರು: "ಅದ ಹೆಸರ ಇಟ್ಟರ ನಡದೀತs?"
ದಾನೇಶ್ವರಿ "ಇಡ್ರಿ" ಅಂದಳು,
ಚಾ ಮಾತ್ರ ಸಕ್ಕರಿ ಮರತು ಕೊಟ್ಟಳು.

ಎರಡು ತುಂಬಿ ಮೂರಕ್ಕ ಬಿದ್ದೈತಿ ನಮ್ಮದು.
ಹೆಸರೇನ ಅಂದರ ಎದಿಮ್ಯಾಲ ಅಂಗೈ ಇಟ್ಟು
"ದೋನಿ."
ಎಳೇ ನಾಲಿಗಿ, ಬರತೈತಿ ತಗೋ, ಅಂತಾರ ಎಲ್ಲಾರೂ.
ನಾ ಸುಮ್ಮನ ಇರತೀನಿ.
ಆ ಬಳಿ ಗುದ್ದು ಬಿದ್ದಾಗ ನನ್ನ ನಾಲಿಗಿ
ಹಲ್ಲಿಗೆ ಬಡಕೊಂಡಿತ್ತು, ಮ್ಯಾಲ ಹೋಗಿದ್ದಿಲ್ಲ.
ಮೊದಲ ಸಲ ಆ ಕಿವಿಗೆ ಬಿದ್ದದ್ದು ದೋನಿ.
ಇನ್ನೊಂದ ಸಲ ಹೇಳಬಹುದಿತ್ತು.
ಅಷ್ಟರಾಗ ಗುಗ್ಗರಿ ಹಂಚಾಕತ್ತಿದ್ದರು.

ಅದಕ್ಕ ಈಗ ದಿನಾ ಸಂಜೀಕ
ತೊಡಿಮ್ಯಾಲ ಕುಂಡ್ರಿಸಿಕೊಂಡು, ಯಾರೂ ಇಲ್ಲದಾಗ:
ಡಬ್ಬಿ ಅನ್ನು. "ಡಬ್ಬಿ."
ಡೊಳ್ಳು ಅನ್ನು. "ಡೊಳ್ಳು."
ಬೆಣ್ಣಿ ಅನ್ನು.
"ಬೆಣ್ಣಿ", ಅಂತಾಳ, ಸ್ವಚ್ಛ, ತುಟಿ ಚಪ್ಪರಿಸಿ.
ನಿನ್ನ ಹೆಸರು?

ನನ್ನ ಬಾಯೀನ ನೋಡಕೋಂತ, ಸಾವಕಾಶ,
"ದೋನಿ", ಅಂತಾಳ.
ಆಮ್ಯಾಲ, ಬೆಣ್ಣಿ ಎಲ್ಲೈತಿ ಅಂತಾಳ.