ಎರಡನೇ ಮಗ್ಗಲು

ಕೊಪ್ಪೀಕರ ರಸ್ತೆಯ ನಮ್ಮ ಅಂಗಡಿಯಾಗ
ಗಾಜಿನ ಕಪಾಟಿನ ಕೆಳಗ, ಕಸಬರಿಗಿ ಪಕ್ಕ,
ವನಸ್ಪತಿದೊಂದು ಖಾಲಿ ಡಬ್ಬಿ ಇತ್ತು.
ಅದರಾಗ ಯಾವ ಕ್ಯಾಸೆಟ್ಟು ತಗೊಂಡ್ರೂ ಐದು ರೂಪಾಯಿ.

ಮುಂಬೈ ಕಂಪನಿಯವ ಹತ್ತು ಓಡೋ ಮಾಲಿನ ಜೋಡಿ
ಎರಡು ಓಡದ ಮಾಲು ಕಟ್ಟಿ ಕಳಸತಿದ್ದ.
ಹೆಸರು ಅದೇ ದೊಡ್ಡ ಹೆಸರು, ಮಾರಿನೂ ಅದೇ,
ಆದ್ರ ಆ ವರ್ಷ ಯಾಕೋ
ಯಾರೂ ಕಿವಿ ಕೊಟ್ಟಿರಲಿಲ್ಲ.
ನದಾಫ ಸಾವಕಾರ್ರು ಅವನ್ನ ಲೆಕ್ಕಕ್ಕ ಹಿಡೀತಿರಲಿಲ್ಲ,
ಡಬ್ಬಿಗೆ ಒಗೀತಿದ್ರು.

ರೈಲ್ವೆ ವರ್ಕ್‌ಶಾಪಿನ ಫಿಟ್ಟರ್ ಎಲಿಯಾ ಹೊಸಮನಿ
ಪಗಾರದ ಮರುದಿನ, ಭೋಂಗಾ ಹೊಡದ ಮ್ಯಾಲ ಬರಾಂವ.
ಉಗುರಿನ ಸಂದಿಯಾಗ ಗ್ರೀಸು.
ಡಬ್ಬಿ ಮುಂದ ಕುಕ್ಕರಗಾಲಿಲೆ ಕುಂತು
ಸಂತಿಯಾಗ ಬೆಂಡಿಕಾಯಿ ತುದಿ ಮುರದು ನೋಡೋ ಹಂಗ
ಒಂದೊಂದನ್ನ ತಿರುವಿ ತಿರುವಿ ನೋಡಾಂವ.

'ಮ್ಯಾಲಿನವು ತಗೊಳ್ರಲಾ,' ಅಂದ್ರ ನಕ್ಕು ಅಂದಿದ್ದ,
'ಗೆದ್ದಾಗ ಎಲ್ಲಾರೂ ಮಂದಿಗಾಗಿ ಹಾಡತಾರ ತಮ್ಮಾ.
ಮಂದಿ ಎದ್ದು ಹೋದ ಮ್ಯಾಲ ಏನ ಹಾಡಿದ್ರು,
ಅದು ಬೇಕು ನನಗ.'

ನನಗ ಹತ್ತೊಂಬತ್ತು. ತಿಳೀಲಿಲ್ಲ.
ಸ್ಟೇಜಿನ ಮ್ಯಾಲ ಅಂಗಿ ಹರಕೊಂಡು ಚೀರೋ ಒಂದು ರಾಕ್ ತಂಡ,
ಈ ಒಂದರಾಗ ಮಾತ್ರ
ಬಾಜೂ ಮನ್ಯಾಗ ಕೂಸು ಮಲಗಿದಂಗ ಬಾರಸ್ಯಾರ.
ಒಂದ ಕಡೆ ಖುರ್ಚಿ ಕಿರ್ ಅಂತೈತಿ,
ತಗದಿಲ್ಲ, ಹಂಗ ಬಿಟ್ಟಾರ.
'ಇದಕ್ಕ ಎರಡು ಹನಿ ಎಣ್ಣಿ ಬೇಕಿತ್ತು,' ಅಂದ ಎಲಿಯಾ,
ಮತ್ತ ಅಷ್ಟನ್ನ ಹಿಂದಕ ಸುತ್ತಿ ಮೂರು ಸಲ ಕೇಳಿದ.

ಇನ್ನೊಬ್ಬಾಂವ ಸೋಲ್ ಹಾಡೋ ದೊಡ್ಡ ಮನಶ್ಯಾ.
'ಹೆಸರಿನ್ಯಾಗನ ಸೋಲು ಐತಿ,
ಮತ್ತ ಹೆಂಗ ಗೆದ್ದೀತು?' ಅಂದ್ರು ಸಾವಕಾರ್ರು.
ಅವನ ಡ್ರಮ್ಮಿನವ ಆ ವರ್ಷ ತೀರಿಕೊಂಡಿದ್ದನಂತ,
ಕವರಿನ ಒಳಗ ಇರುವಿಯಂಥ ಅಕ್ಷರದಾಗ ಬರದಿತ್ತು.
ಕಡೀ ಹಾಡಿನ್ಯಾಗ ಪೆಟ್ಟು ಬೀಳೋ ಜಾಗಾ ಖಾಲಿ ಇಟ್ಟು
ಅದರ ಸುತ್ತ ಹಾಡ್ಯಾನ,
ತೀರಿಹೋದವರ ಹೊರಸು ಸರಸದ
ಸುತ್ತ ಕಸಾ ಹೊಡದಂಗ.

ಅದರ ಇನ್ನೊಂದು ಪ್ರತಿ ಡಬ್ಬಿಯಾಗ ಉಳದಿತ್ತು.

ಲಗ್ನದ ಸೀಜನ್ನು, ಖಾಲಿ ಕ್ಯಾಸೆಟ್ಟು ಮುಗದಾವ,
ಹುಲಕೋಟಿಯವರು ಬಾಗಲದಾಗ ನಿಂತಾರ.
ನಾಳೆ ಮಗಳ ಕುಬಸ, ಹಾಡು ತುಂಬಕೋಬೇಕು.
ಬ್ಲೇಡಿಲೆ ಹೆಸರು ಕೆರದೆ.
ಮ್ಯಾಲಿನ ಎರಡು ಕಿಂಡಿಗೆ ಅಂಟುಪಟ್ಟಿ ಹಚ್ಚಿದೆ.
ದೊಡ್ಡ ಮನಶ್ಯಾನ್ನ ಖಾಲಿ ಅಂತ ಮಾರಿದೆ,
ಹದಿನೆಂಟು ರೂಪಾಯಿಗೆ.
ಸಾವಕಾರ್ರು ಬೆನ್ನು ಚಪ್ಪರಿಸಿ ಚಾ ತರಿಸಿದ್ರು.

ಈಗ ಅಂಗಡಿ ಮೊಬೈಲ್ ಕವರಿನದು.
ಸಾವಕಾರ್ರಿಲ್ಲ. ಎಲಿಯಾ ರಿಟೈರಾಗಿ
ಬೆಟಗೇರಿಗೆ ಹೋದನಂತ, ಡಬ್ಬಿ ಸಮೇತ.
ಹೋದ ತಿಂಗಳು ಒಬ್ಬಾಕಿ ಬಂದ್ಲು,
ಸೆರಗಿನಾಗ ಕ್ಯಾಸೆಟ್ಟು ಸುತಗೊಂಡು.
'ಇದನ್ನ ಫೋನಿಗೆ ಹಾಕಿಕೊಡ್ತೀರೇನ್ರಿ?'

ಅಟ್ಟದ ಮ್ಯಾಲಿನ ಟೇಪು ಝಾಡಿಸಿ ಹಚ್ಚಿದೆ.
ಬಳಿ ಸಪ್ಪಳ. ಹೆಂಗಸರ ನಗು. ನೀಲಗಂಗವ್ವನ ಸೋಬಾನ.
ಮಗ್ಗಲು ಹೊರಳಿಸಿದೆ: ಇನ್ನೆರಡು ಹಾಡು,
'ಸಾಕ್ ಬರ್ರೆವಾ, ಎಲಿ ಹಾಕ್ಯಾರ' ಅಂತ ಯಾರೋ ಕರದ್ರು.
ಖಟ್.
ಆಮ್ಯಾಲ ಆತ. ಅರ್ಧದಿಂದ.
ಪೆಟ್ಟಿಲ್ಲದ ಆ ಹಾಡು.

ಬಂದ್ ಮಾಡಾಕ ಕೈ ಹೋತು ನಂದು.
'ಇರಲಿ ರೀ,' ಅಂದ್ಲು, 'ಇದು ಕಡೀ ಹಾಡು.
ನಮ್ಮ ಮನ್ಯಾಗ ಇದನ್ನ ಹಚ್ಚಿದ ಮ್ಯಾಲನ ಉಡಿ ತುಂಬೋದು.
ಅವ್ವ ನನ್ನ ಬಸರಿದ್ದಾಗ ದಿನಾ ಸಂಜಿಕೆ ಕೇಳಾಕಿ.
ನಡುವ ನಡುವ ಸುಮ್ಮಾಗತಾನ ನೋಡ್ರಿ,
ಅಲ್ಲೆ, ಬರೋಬರಿ ಅಲ್ಲೆ,
ನಾ ಒದೀತಿದ್ನಂತ.'

ಹೊರಗ ಆಟೋದ ಹಾರ್ನು. ನಾನು ಕ್ಯಾಸೆಟ್ಟು ಕೈಗೆ ತಗೊಂಡೆ.
ಬ್ಲೇಡಿನ ಗೀರು ಇನ್ನೂ ಅದಾವ.
'ಹಾಡಿದವರು ಯಾರ್ರಿ?'
ಹೇಳಿದೆ. ಅರ್ಧ ಲೋಕಕ್ಕ ಗೊತ್ತಿರೋ ಹೆಸರು.
ಆಕಿ ಒಮ್ಮೆನೂ ಕೇಳಿರಲಿಲ್ಲ.
'ಹೌದನು,' ಅಂದ್ಲು. 'ಯಾವೂರಾವ್ರು?'