ಆಟಕ್ಕೆ ಮುಂಚೆ ನೀರು

ಲಿಮಾದಲ್ಲಿ ಮಳೆಯಿಲ್ಲ.
ಬರುವುದು ಮಂಜು, ಅದೂ
ಹೇಳದೆ ಕೇಳದೆ ಬಂದು ಕೂತು
ಏನೂ ಕೊಡದೆ ಎದ್ದುಹೋಗುವ ನೆಂಟ.

ಗುಡ್ಡದ ಮೇಲೆ ಹಲಗೆಮನೆಯೆದುರು
ಸಾತುರ್ನಿನಾ ವಾಮಾನಿ
ನೀಲಿ ಪೀಪಾಯಿಗೆ ಬಗ್ಗಿ ನೋಡಿದಳು:
ಗೇಣುದ್ದ.
ಟ್ಯಾಂಕರು ಬರುವುದು ಶುಕ್ರವಾರ.

ಕೆಳಗೆ ಹೊಸ ಕ್ರೀಡಾಂಗಣ,
ಹೆಸರು ಗೊತ್ತಿಲ್ಲದ ದೇಶಗಳ ಬಾವುಟ,
ಹಾಕಿಗೆಂದು ಹಾಸಿದ ಪ್ಲಾಸ್ಟಿಕ್ ಹುಲ್ಲು
ಅದೂ ನೀಲಿ, ಪೀಪಾಯಿಯದೇ ನೀಲಿ.

ಸೀಟಿ ಊದುವ ಮುಂಚೆ
ನಾಲ್ಕು ಮೂಲೆಯಿಂದ ನೀರು ಚಿಮ್ಮಿತು
ಬಾಯಾರದ ಆ ಹುಲ್ಲಿಗೆ.
‘ಒಣಗಿದ್ದರೆ ಚೆಂಡು ಓಡಲ್ಲ ಅಜ್ಜಿ,
ಬಿದ್ದರೆ ಮಂಡಿ ತರಚತ್ತೆ’
ಎಂದಳು ಯೆಸೇನಿಯಾ, ಎಲ್ಲ ಬಲ್ಲವಳು.
‘ಹೌದೇ?’
ಮಂಡಿಯ ಸಂಗತಿ ಅಜ್ಜಿಗೂ ಗೊತ್ತು:
ಮುನ್ನೂರ ಹನ್ನೆರಡು ಮೆಟ್ಟಿಲು, ಕೈಗೊಂದು ಬಕೆಟ್ಟು.

ಹುಡುಗಿ ಗೋಲು ಎಣಿಸಿದಳು.
ಅಜ್ಜಿ ಬಕೆಟ್ಟು ಎಣಿಸುತ್ತಿದ್ದಳು,
ಅರ್ಧವಿರಾಮಕ್ಕೆ ಮತ್ತೆ ನೀರು ಬಿಟ್ಟರು,
ಲೆಕ್ಕ ತಪ್ಪಿತು.

ಪೆರು ಸೋತಿತು. ದೀಪ ಆರಿದವು.
ರಾತ್ರಿ, ಒದ್ದೆ ಮೈದಾನದ ಕಡೆಯಿಂದ
ತಣ್ಣನೆ ತೇವವೊಂದು ಮೆಟ್ಟಿಲು ಹತ್ತಿ ಬಂತು,
ಹಗ್ಗದ ಮೇಲಿನ ಅಂಗಿಗಳನ್ನು ಮುಟ್ಟಿತು.

‘ಬಂತು ನೋಡು, ಈಗ!’
ಗೊಣಗುತ್ತ ಬಟ್ಟೆ ಒಳಗೆಳೆದುಕೊಂಡಳು.
ಆಮೇಲೆ, ಕತ್ತಲಲ್ಲಿ,
‘ಎಷ್ಟು ಗೋಲಿಗೆ ಸೋತೆವು?’